ನೋಯದ ಹಲ್ಲು

ಹಲ್ಲಿನ ಮೇಜರ್ ಬಾಗಿಲು ತಟ್ಟುವವರಲ್ಲ. ಪಕ್ಕದ ಕೋಣೆಯಿಂದಲೇ ‘ಮೇಡಂ, ಬದುಕಿದೀರಾ’ ಎಂದು ಕೂಗಿ ನೇರ ಒಳಗೆ ಬರುವವರು. ಆ ಮಧ್ಯಾಹ್ನ ಮಾತ್ರ ತಟ್ಟಿದರು. ರಬ್ಬರಿನ ಕೈಗವಸನ್ನು ಇನ್ನೂ ತೆಗೆದಿರಲಿಲ್ಲ. ಅವರ ಹಿಂದೆ, ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಬ್ಬ ಸೈನಿಕ ನಿಂತಿದ್ದ.

“ಇವನು ನಿಮ್ಮವನು ಮೇಡಂ, ನನ್ನವನಲ್ಲ,” ಎಂದರು. “ಹೋದ ವಾರ ಇವನ ಬಲಗಡೆ ದವಡೆ ಹಲ್ಲು ಕಿತ್ತೆ. ಇವತ್ತು ಬಂದು ಎಡಗಡೇದನ್ನೂ ಕೀಳಿ ಅಂತ ಕೂತಿದಾನೆ. ಬಡಿದು ನೋಡಿದೆ, ತಣ್ಣೀರು ಬಿಟ್ಟು ನೋಡಿದೆ. ಬಂಡೆ ಇದ್ದ ಹಾಗಿದೆ. ಕಡಲೆ ಇದ್ದೋರಿಗೆ ಹಲ್ಲಿಲ್ಲ ಅಂತಾರೆ, ಇಲ್ಲಿ ನೋಡಿದ್ರೆ ಹಲ್ಲಿದ್ದೋನೇ ಬೇಡ ಅಂತಿದಾನೆ.”

ತಮ್ಮ ಮಾತಿಗೆ ತಾವೇ ನಗಲು ಹೋಗಿ, ನಗು ಬರದೆ, ಬಾಗಿಲೆಳೆದುಕೊಂಡು ಹೊರಟುಹೋದರು.

ಆ ಸೇನಾ ಶಿಬಿರದ ಆಸ್ಪತ್ರೆಯಲ್ಲಿ ಮನಶ್ಶಾಸ್ತ್ರದ ಕೋಣೆ ಪಡಸಾಲೆಯ ಕೊನೆಗಿತ್ತು. ಅಲ್ಲಿ ಕೆಲಸ ಮಾಡುವ ಮನಶ್ಶಾಸ್ತ್ರಜ್ಞೆಯನ್ನು ಎಲ್ಲರೂ ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ನಿದ್ದೆ ಮೇಡಂ. ಬಂದವರೆಲ್ಲ ‘ನಿದ್ದೆ ಬರಲ್ಲ ಮೇಡಂ, ಇನ್ನೇನಿಲ್ಲ’ ಎಂದೇ ಮಾತು ಶುರು ಮಾಡುತ್ತಿದ್ದುದರಿಂದ ಬಂದ ಹೆಸರು ಅದು. ಬರುವವರು ತೀರಾ ಕಡಿಮೆ. ಆ ಬಾಗಿಲ ಮುಂದೆ ಒಮ್ಮೆ ಕಾಣಿಸಿಕೊಂಡವನಿಗೆ ಬ್ಯಾರಕ್ಕಿನಲ್ಲಿ ‘ಏನಪ್ಪಾ, ಸ್ಕ್ರೂ ಟೈಟ್ ಆಯ್ತಾ’ ಎಂದು ಕೇಳುವವರು ತಿಂಗಳುಗಟ್ಟಲೆ ಇರುತ್ತಿದ್ದರು. ಇದನ್ನು ನೋಡಿ ನೋಡಿ ಹಲ್ಲಿನ ಮೇಜರೇ ಒಂದು ದಾರಿ ಹುಡುಕಿದ್ದರು. ಎರಡೂ ಕೋಣೆಗೆ ಒಂದೇ ಬೆಂಚು. ಮೇಡಂ ಬಳಿ ಬರಬೇಕಾದವನು ‘ಹಳೇ ಹಲ್ಲುನೋವು’ ಎನ್ನಬೇಕು. ಬರೀ ‘ಹಲ್ಲುನೋವು’ ಎಂದರೆ ಹಲ್ಲುನೋವೇ. ಕಾಂಪೌಂಡರ್ ತಲೆ ಎತ್ತದೆ ಹೆಸರು ಕೂಗುತ್ತಾನೆ, ಹಳೇ ನೋವಿನವನನ್ನು ಒಳಗಿನ ಬಾಗಿಲಿಂದ ಮೇಡಂ ಕೋಣೆಗೆ ದಾಟಿಸುತ್ತಾನೆ. ಈ ಸುಳಿವು ಒಬ್ಬರ ಬಾಯಿಂದ ಒಬ್ಬರಿಗೆ ಹೋಗಿ, ಬರುವವರು ಹೆಚ್ಚಿದ್ದರು. ಮೇಡಂಗೆ ಇದು ಒಳಗೊಳಗೇ ಸಮಾಧಾನ ಕೊಟ್ಟ ಸಂಗತಿ. ನಾಚಿಕೆಯನ್ನು ಕಳೆಯುವುದು ಬಿಟ್ಟು ಅದಕ್ಕೆ ಮುಸುಕು ಹೊಲಿದುಕೊಟ್ಟೆನೇನೋ ಎಂಬ ಅಳುಕೂ ಇತ್ತು.

ಈಗ ಅವರು ಆ ಸೈನಿಕನಿಗೆ ಕುರ್ಚಿ ತೋರಿಸಿದರು. ಎರಡು ಕುರ್ಚಿಗಳನ್ನು ಸ್ವಲ್ಪ ಓರೆಯಾಗಿ ಇಟ್ಟಿದ್ದರು, ಕೂತವನು ಬೇಕಾದರೆ ಮುಖ ನೋಡಬಹುದು, ಬೇಡವಾದರೆ ಕಿಟಕಿ ನೋಡಬಹುದು. ಗಡಿಯಾರ ರೋಗಿಯ ತಲೆಯ ಹಿಂದಿನ ಗೋಡೆಗೆ. ಕಣ್ಣೊರೆಸುವ ಕಾಗದದ ಡಬ್ಬಿ ಮೇಜಿನ ಡ್ರಾಯರಿನೊಳಗೆ. ಹೊರಗಿಟ್ಟಿದ್ದಾಗ ಅದನ್ನು ಕಂಡೇ ಎದ್ದು ಹೋದವರಿದ್ದರು.

“ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ,” ಎಂದು ಮೇಡಂ ಎಲ್ಲರಿಗೂ ಹೇಳುವುದನ್ನೇ ಹೇಳಿದರು. “ಒಂದು ವಿಷಯ ಬಿಟ್ಟು. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದೆ ಅನ್ನಿಸಿದ್ರೆ ನಾನು ಕರ್ನಲ್‌ಗೆ ಹೇಳಲೇಬೇಕು. ಅದನ್ನ ಮೊದಲೇ ಹೇಳ್ತಿದೀನಿ, ಆಮೇಲೆ ಮೋಸ ಮಾಡಿದ್ರು ಅನ್ನಬಾರದು.”

“ಗೊತ್ತು ಮೇಡಂ.”

ಅವನು ವೈರ್‌ಲೆಸ್ ಆಪರೇಟರ್. ತುಕಡಿಯಲ್ಲಿ ಅವನನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಇಪ್ಪತ್ತೈದರ ಆಸುಪಾಸು. ಬಲಗೆನ್ನೆ ಇನ್ನೂ ಕೊಂಚ ಊದಿತ್ತು.

“ಎಡಗಡೆ ಹಲ್ಲು ನೋಯುತ್ತಾ?”

“ಇಲ್ಲ.”

“ಹೋದ ವಾರ ಬಲಗಡೇದು ನೋಯ್ತಿತ್ತಾ?”

“ಅದೂ ಇಲ್ಲ. ಹಳೇ ಸಿಮೆಂಟ್ ಇತ್ತು ಅದಕ್ಕೆ, ಅಷ್ಟೆ.”

“ಮತ್ಯಾಕೆ ಕೀಳಿಸ್ಕೊಂಡ್ರಿ?”

ಅವನು ಟೋಪಿಯ ಅಂಚನ್ನು ಹೆಬ್ಬೆರಳಿನಿಂದ ಸವರಿದ. “ನಿಮ್ಮ ಹತ್ರಾನೇ ಬಂದಿದ್ದೆ ಮೇಡಂ. ಆವತ್ತು ನಿಮ್ಮ ಕಾಂಪೌಂಡರ್ ರಜ. ಬೇರೆ ಯಾರೋ ಇದ್ದ. ಹಳೇ ಹಲ್ಲುನೋವು ಅಂದೆ. ‘ಹಳೇದಾದ್ರೇನು ಹೊಸದಾದ್ರೇನು, ಹೋಗಿ ಕೂತ್ಕೋ’ ಅಂತ ಕುರ್ಚಿಗೆ ಕಳಿಸಿಬಿಟ್ಟ. ನಮ್ಮ ತುಕಡಿಯೋರು ಇಬ್ಬರು ಬೆಂಚಿನ ಮೇಲೆ ಕೂತಿದ್ರು. ಕುರ್ಚಿ ಹಿಂದಕ್ಕೆ ಹೋಯ್ತು, ಮುಖದ ಮೇಲೆ ದೀಪ ಹಾಕಿದ್ರು. ಆಮೇಲೆ ಹೇಗೆ ಹೇಳೋದು, ನಾನು ಹಲ್ಲಿಗೆ ಬಂದೋನಲ್ಲ ಅಂತ? ತಡೆಯಕ್ಕಾಗದಷ್ಟು ನೋವು ಅಂದೆ. ಹೊರಗೆ ಜನ ತುಂಬಿತ್ತು, ಮೇಜರ್ ಸಾಹೇಬ್ರಿಗೂ ಪುರುಸೊತ್ತಿರಲಿಲ್ಲ. ಕಿತ್ತುಬಿಟ್ರು.”

ತಾವು ಹೊಲಿದುಕೊಟ್ಟ ಮುಸುಕೇ ಇವನ ಹಲ್ಲು ಕಿತ್ತಿತ್ತೆಂದು ಮೇಡಂಗೆ ಹೊಳೆಯಿತು. ಮುಖದಲ್ಲಿ ತೋರಿಸಲಿಲ್ಲ.

“ಅದು ಮೊದಲನೇದು. ಇವತ್ತು?”

ಅವನು ಕಿಟಕಿಯ ಕಡೆ ನೋಡಿದ. ಕಿಟಕಿಯ ಕೆಳಗಿನ ಅರ್ಧಕ್ಕೆ ಬಿಳಿ ಬಣ್ಣ ಬಳಿದಿತ್ತು. ಮೇಲಿನ ಅರ್ಧದಲ್ಲಿ ಲಾರಿ ನಿಲ್ಲುವ ಜಾಗದ ತಗಡಿನ ಮಾಡು ಮಾತ್ರ ಕಾಣುತ್ತಿತ್ತು.

“ಹಲ್ಲು ಕಿತ್ತ ದಿನ ನಿದ್ದೆ ಬಂತು ಮೇಡಂ,” ಎಂದ. “ಮದ್ದಿನ ಅಮಲು ಇಳಿದ ಮೇಲೆ ದವಡೆ ಎಷ್ಟು ನೋಯ್ತು ಅಂದ್ರೆ, ಅದೊಂದೇ ನೋಯ್ತಿತ್ತು. ಬೇರೆ ಏನೂ ಇರಲಿಲ್ಲ. ಬೆಳಗಿನವರೆಗೂ ಮಲಗಿದ್ದೆ. ಈಗ ಅದು ಮಾಯ್ತಾ ಬಂದಿದೆ.”

ಅವನು ಇದನ್ನು, ಅಂಗಡಿಯಲ್ಲಿ ಮುಗಿದುಹೋದ ಸಾಮಾನನ್ನು ಮತ್ತೆ ಕೇಳುವವನ ಹಾಗೆ ಸಾದಾ ದನಿಯಲ್ಲಿ ಹೇಳಿದ.

ಮಿಕ್ಕದ್ದು ಹೊರಬರಲು ಆ ಮಧ್ಯಾಹ್ನ, ಮರುದಿನದ ಇನ್ನೊಂದು ಭೇಟಿ ಎರಡೂ ಬೇಕಾದವು. ಮೇಡಂ ಹೆಚ್ಚು ಕೇಳಲಿಲ್ಲ. ಅವಸರಿಸಿದರೆ ಬಾಯಿ ಕಟ್ಟುತ್ತದೆ, ಸುಮ್ಮನಿದ್ದರೆ ಕೈಬಿಟ್ಟಂತಾಗುತ್ತದೆ. ನಡುವೆ ಎಲ್ಲೋ ಕೂರಬೇಕು. ಅದು ಎಲ್ಲಿ ಎಂಬುದು ಇಷ್ಟು ವರ್ಷವಾದರೂ ಅವರಿಗೆ ಖಚಿತವಾಗಿ ಗೊತ್ತಿರಲಿಲ್ಲ.

ಅವನು ಗುಡ್ಡದ ಮೇಲಿನ ಠಾಣೆಯಲ್ಲಿ ವೈರ್‌ಲೆಸ್ ಸೆಟ್ಟಿನ ಮುಂದೆ ಕೂತಿದ್ದ ದಿನ, ನಾಲ್ವರ ಗಸ್ತು ಕೆಳಗಿನ ಕಣಿವೆಗೆ ಹೋಗಿತ್ತು. ಅದರ ಮುಂದಾಳು ಅವನ ಭಾವ. ಅಕ್ಕನ ಗಂಡ. ಮೊದಲು ಗೆಳೆಯ, ರಜೆಯಲ್ಲಿ ಮನೆಗೆ ಕರೆದೊಯ್ದವನು ಇವನೇ, ಅಕ್ಕನನ್ನು ಕೊಟ್ಟಿದ್ದೂ ಒಂದು ರೀತಿಯಲ್ಲಿ ಇವನೇ. ಇಡೀ ತುಕಡಿಗೆ ಅವರಿಬ್ಬರ ಭಾವ-ಬಾಮೈದ ಜಗಳ ಪುಕ್ಕಟೆ ನಾಟಕ. ‘ಅಕ್ಕನ್ನ ಕೊಟ್ಟಿದೀನಿ ಅಂತ ನನ್ನ ಬೂಟನ್ನೂ ನೀನೇ ಹಾಕ್ಕೊಂಡ್ರೆ ಹೇಗೆ ಭಾವ’ ಎಂದು ಇವನು, ‘ವರದಕ್ಷಿಣೆ ಅಂದ್ಕೋ’ ಎಂದು ಅವನು. ಆದರೆ ವೈರ್‌ಲೆಸ್ಸಿನಲ್ಲಿ ಸಂಬಂಧವಿಲ್ಲ, ಹೆಸರಿಲ್ಲ, ಬರೀ ಗುರುತಿನ ಸಂಖ್ಯೆ. ಎಲ್ಲರಿಗೂ ಬಹುವಚನ.

“ಹಿಂದಕ್ಕೆ ಬರಲಾ, ಮುಂದೆ ಹೋಗಲಾ ಅಂತ ಕೇಳಿದ್ರು,” ಎಂದ ರೇಡಿಯೋ. “ಅದನ್ನ ನಾನು ಹೇಳಂಗಿಲ್ಲ. ಮೇಲಿನವರನ್ನ ಕೇಳಬೇಕು. ಕೇಳಿ ಬರೋವರೆಗೂ ಆ ಕಡೆಯವರಿಗೆ ‘ಕಾಯಿರಿ’ ಅನ್ನಬೇಕು. ಅಂದ ಮೇಲೆ ಅವರು ಅಲ್ಲಾಡಂಗಿಲ್ಲ, ಮಾತಾಡಂಗಿಲ್ಲ. ನಿಯಮ. ನಾನು ‘ಕಾಯಿರಿ’ ಅಂದೆ. ಓಡಿದೆ. ಕ್ಯಾಪ್ಟನ್ ಬೇರೆ ಫೋನಿನಲ್ಲಿದ್ರು, ಕೈ ಎತ್ತಿ ತಡಿ ಅಂದ್ರು. ತಡೆದೆ. ಆಮೇಲೆ ‘ವಾಪಸ್ ಬರಲಿ’ ಅಂದ್ರು. ಬಂದು ಹೇಳಿದೆ. ಹೇಳ್ತಾನೇ ಇದ್ದೆ. ಆ ಕಡೆಯಿಂದ ಏನೂ ಇಲ್ಲ.”

ಕಾದು ಕೂತಲ್ಲೇ ನಾಲ್ವರೂ ಗುಂಡಿಗೆ ಬಲಿಯಾಗಿದ್ದರು. ವಿಚಾರಣೆ ನಡೆದಿತ್ತು. ಯಾರ ತಪ್ಪೂ ಇಲ್ಲ ಎಂದಾಗಿತ್ತು. ಆಪರೇಟರ್ ನಿಯಮದಂತೆಯೇ ನಡೆದುಕೊಂಡಿದ್ದಾನೆ ಎಂದು ಒಂದು ಹೊಗಳಿಕೆಯ ಮಾತೂ ಬಂದಿತ್ತು.

“ಅವರು ನನ್ನ ಮಾತು ಕೇಳಿದ್ರು ಮೇಡಂ. ಅದೇ ಕಷ್ಟ. ಹಠ ಮಾಡಿ ಎದ್ದು ಬಂದಿದ್ರೆ ಬದುಕ್ತಿದ್ರು. ಮನೇಲಿ ಒಂದು ದಿನಾನೂ ನನ್ನ ಮಾತು ಕೇಳಿದ ಮನುಷ್ಯನಲ್ಲ.”

ಮೇಡಂ ಕೇಳಲೇಬೇಕಾದ್ದನ್ನು ನೇರವಾಗಿ ಕೇಳಿದರು. ಸುತ್ತಿ ಬಳಸಿ ಕೇಳಿದರೆ ಉತ್ತರವೂ ಸುತ್ತಿ ಬಳಸಿಯೇ ಬರುತ್ತದೆ.

“ಸಾಯಬೇಕು ಅನ್ನಿಸುತ್ತಾ?”

“ಇಲ್ಲ.” ಅವನು ಯೋಚಿಸಿಯೇ ಹೇಳಿದ. “ಸೆಟ್ಟಿನ ಮುಂದೆ ಕೂರಬೇಕು ಅನ್ನಿಸುತ್ತೆ. ತುಕಡಿ ಮತ್ತೆ ಮೇಲಕ್ಕೆ ಹೋಗ್ತಿದೆ. ನನ್ನನ್ನೂ ಕಳಿಸಿಬಿಡಿ. ಅಲ್ಲಿದ್ರೆ ಸರಿ ಹೋಗ್ತೀನಿ.”

“ಅಲ್ಲಿ ಕೂತು?”

“ಕೇಳ್ತಾ ಇರ್ತೀನಿ.” ಆಮೇಲೆ ಮೇಡಂ ಮುಖದಲ್ಲಿ ಏನು ಕಂಡನೋ, ಬೇಗ ಬೇಗ ಸೇರಿಸಿದ. “ನನಗೆ ಹುಚ್ಚು ಹಿಡಿದಿಲ್ಲ ಮೇಡಂ. ಸತ್ತಿದಾರೆ ಅಂತ ಗೊತ್ತು. ಹೆಣ ಲಾರಿಗೆ ಹತ್ತಿಸಿದೋನು ನಾನೇ. ಆದ್ರೆ ಕಾಯಿರಿ ಅಂದ ಮೇಲೆ ಮುಂದಿನ ಮಾತು ನಾವು ಹೇಳಬೇಕು, ಅವರು ಕೇಳಿಸ್ಕೊಂಡೆ ಅನ್ನಬೇಕು. ಅದು ಆಗಿಲ್ಲ. ಅಲ್ಲೇ ನಿಂತುಬಿಟ್ಟಿದೆ.”

“ಮನೆಗೆ ಹೋಗೋಕೆ ಇಷ್ಟ ಇಲ್ವಾ?”

ಅವನು ಮೊದಲ ಬಾರಿಗೆ ನೇರ ನೋಡಿದ. “ಮನೆಗೆ ಮಾತ್ರ ಕಳಿಸಬೇಡಿ. ಮಣ್ಣು ಮಾಡಿ ಬಂದ ದಿನ ಅಕ್ಕ ಕೇಳಿದ್ಲು, ನೀನೆಲ್ಲಿದ್ದೆ ಆಗ ಅಂತ. ನಾನು ಕೆಳಗಿನ ಶಿಬಿರಕ್ಕೆ ಹೋಗಿದ್ದೆ ಅಂದುಬಿಟ್ಟೆ. ಬಾಯಿಗೆ ಬಂತು, ಅಂದೆ. ‘ಸದ್ಯ, ನೀನಾದ್ರೂ ದೂರ ಇದ್ದೆಯಲ್ಲ’ ಅಂತ ನನ್ನ ತಲೆ ಸವರಿದಳು ಮೇಡಂ.”

ಡ್ರಾಯರ್ ತೆರೆಯುವ ಅಗತ್ಯ ಬೀಳಲಿಲ್ಲ. ಅವನು ಅಳಲಿಲ್ಲ.

ಸೇನೆಯಲ್ಲಿ ಮನಶ್ಶಾಸ್ತ್ರಜ್ಞರ ಒಂದು ಕಿವಿ ಸೈನಿಕನದು, ಇನ್ನೊಂದು ಕಿವಿ ಸೇನೆಯದು ಎಂದು ಕೆಲಸಕ್ಕೆ ಸೇರಿದಾಗ ಒಬ್ಬ ಹಿರಿಯರು ಹೇಳಿದ್ದರು. ಎರಡೂ ಕಿವಿಗೆ ಬೇರೆ ಬೇರೆ ಕೇಳಿಸಿದಾಗ ಏನು ಮಾಡಬೇಕೆಂದು ಹೇಳಿರಲಿಲ್ಲ. ತುಕಡಿಯ ಜೊತೆ ಹೋದರೆ ಅವನು ಸತ್ತವರ ದನಿಗಾಗಿ ಕಿವಿಗೊಟ್ಟು ಕೂರುತ್ತಾನೆ. ಬದುಕಿರುವ ನಾಲ್ವರು ಕಣಿವೆಯಿಂದ ಕರೆದಾಗ ಅವನ ಕೈ ಗುಂಡಿ ಒತ್ತುತ್ತದೋ ಇಲ್ಲವೋ ಯಾರು ಹೇಳಬಲ್ಲರು? ಇನ್ನೊಮ್ಮೆ ‘ಕಾಯಿರಿ’ ಎನ್ನಬೇಕಾಗಿ ಬಂದರೆ ಅವನು ಎನ್ನಬಲ್ಲನೇ? ಹೋಗದಿದ್ದರೆ, ಅವನಿಗೆ ಉಳಿದಿರುವ ಒಂದೇ ಮನೆಯಾದ ತುಕಡಿಯಿಂದ ಅವನನ್ನು ಹೊರಗೆ ಹಾಕಿದಂತೆ. ಅದೂ, ಅವನು ಅತಿ ಹೆಚ್ಚು ಹೆದರುವ ಬಾಗಿಲಿಗೆ ನೂಕಿದಂತೆ.

ನಿರ್ಧಾರ ಮಾಡುವ ಮುನ್ನ ಮೇಡಂ ಹಲ್ಲಿನ ಮೇಜರ್ ಜೊತೆ ಚಹಾ ಕುಡಿದರು. ಹೇಳಬಾರದ್ದನ್ನು ಹೇಳದೆ, ತಮ್ಮ ಭಯವನ್ನು ಮಾತ್ರ ಹೇಳಿದರು.

“ನಾಳೆ ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ ಅನ್ನೋ ಹೆದರಿಕೆಗೆ ಅವನನ್ನ ತಡೀತಿದೀನಾ, ಇಲ್ಲ ಅವನಿಗೋಸ್ಕರ ತಡೀತಿದೀನಾ? ನನಗೇ ಗೊತ್ತಾಗ್ತಿಲ್ಲ.”

“ಎರಡೂ ಇರಬಹುದು. ಎರಡು ಕಾರಣ ಇದ್ರೆ ನಿರ್ಧಾರ ಕೆಟ್ಟುಹೋಗುತ್ತಾ?” ಎಂದರು ಮೇಜರ್. ಬಿಸ್ಕತ್ತನ್ನು ಚಹಾದಲ್ಲಿ ಮುಳುಗಿಸಿ, ಅದು ಮುರಿದು ಒಳಗೆ ಬಿದ್ದುದನ್ನು ನೋಡುತ್ತಾ ಕೂತರು. “ನನ್ನ ಕಥೆ ಕೇಳಿ. ಹಲ್ಲು ಕೈಗೆ ಬಂದಾಗಲೇ ಬೇರು ಗಟ್ಟಿಯಾಗಿದೆ ಅಂತ ಕಂಡಿತ್ತು. ಮುಂದಿನವನನ್ನ ಕರೀರಿ ಅಂದೆ. ನೀವಾದ್ರೂ ಯೋಚನೆ ಮಾಡ್ತಿದೀರಿ.”

ಅದು ಸಮಾಧಾನವೋ ಅಲ್ಲವೋ ಮೇಡಂಗೆ ತಿಳಿಯಲಿಲ್ಲ. ಆ ಸಂಜೆ ಕರ್ನಲ್ ಬಳಿ ಹೋಗಿ, ಇವನು ಈ ಬಾರಿ ಮೇಲಕ್ಕೆ ಹೋಗಬಾರದು, ಆಯುಧ ಕೈಗೆ ಕೊಡಬಾರದು, ಮನೆಯವರ ಜೊತೆ ರಜೆಗೆ ಕಳಿಸಿ ಆಮೇಲೆ ದೊಡ್ಡಾಸ್ಪತ್ರೆಗೆ ಸೇರಿಸಬೇಕು ಎಂದು ಹೇಳಿದರು. ಕಾರಣ ಕೇಳಿದಾಗ ಬೇಕಾದಷ್ಟನ್ನು ಮಾತ್ರ ಹೇಳಿದರು. ಕರ್ನಲ್ ತಲೆಯಾಡಿಸಿ, “ಮನೆಯಲ್ಲಿ ಯಾರಿದಾರೆ?” ಎಂದರು. ಅಕ್ಕ ಒಬ್ಬಳೇ.

ಮರುದಿನ ಬೆಳಿಗ್ಗೆ ತುಕಡಿಯ ಸಾರ್ಜೆಂಟ್ ಬಂದ. ಹಲ್ಲುನೋವು ಎನ್ನಲಿಲ್ಲ, ಹಳೆಯದೂ ಎನ್ನಲಿಲ್ಲ. ಬೆಂಚಿನಲ್ಲಿದ್ದವರೆಲ್ಲ ನೋಡುತ್ತಿರುವಾಗಲೇ ಮೇಡಂ ಬಾಗಿಲು ತಳ್ಳಿಕೊಂಡು ಒಳಗೆ ಬಂದು, ಕೂರೆಂದರೂ ಕೂರದೆ ನಿಂತ.

“ನಮ್ಮ ಹುಡುಗನ್ನ ನೀವು ಇಟ್ಕೊಳ್ತೀರಂತೆ.”

“ಇಟ್ಕೊಳ್ತಿಲ್ಲ ಸಾರ್ಜೆಂಟ್. ರಜೆಗೆ ಕಳಿಸ್ತಿದೀನಿ.”

“ಅವನಿಗೆ ರಜ ಬೇಕು ಅಂದ್ನಾ?”

“ಇಲ್ಲ.”

“ಮತ್ತೆ? ಮೇಡಂ, ನಾನು ಓದಿದೋನಲ್ಲ, ಒರಟು ಮಾತಾಡಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ನಮ್ಮಲ್ಲಿ ನಿದ್ದೆ ಬರೋನು ಒಬ್ಬನೂ ಇಲ್ಲ. ನಿದ್ದೆ ಬರದೋರನ್ನೆಲ್ಲ ಮನೆಗೆ ಕಳಿಸಿದ್ರೆ ಗಡಿ ಕಾಯೋಕೆ ನೀವು, ಅಡುಗೆಯವನು ಇಬ್ಬರೇ ಉಳೀತೀರಿ. ಅವನು ನಮ್ಮ ಕಣ್ಮುಂದೆ ಇದ್ರೆ ನಾವು ನೋಡ್ಕೋತೀವಿ. ಊಟ ಮಾಡಿದ್ನಾ, ಮಲಗಿದ್ನಾ, ಎಲ್ಲ ನಮಗೆ ಗೊತ್ತು.”

“ಹಲ್ಲು ಕೀಳಿಸ್ಕೊಂಡಿದ್ದು ಗೊತ್ತಿತ್ತಾ?”

“ಗೊತ್ತಿತ್ತು. ಅನ್ನ ಮಿದ್ದು ಕೊಟ್ಟೋನು ನಾನೇ.”

“ಅದು ಒಳ್ಳೇ ಹಲ್ಲು ಅನ್ನೋದು?”

ಸಾರ್ಜೆಂಟ್ ಬಾಗಿಲ ಕಡೆ ತಿರುಗಿ ಹೇಳಿದ, “ಪಕ್ಕದ ಡಾಕ್ಟ್ರು ಹಲ್ಲು ಕಿತ್ರು. ನೀವು ಮನುಷ್ಯನ್ನೇ ಕೀಳ್ತಿದೀರಿ. ಒಮ್ಮೆ ಇಂಥ ಕಾರಣಕ್ಕೆ ಹೊರಗೆ ಹೋದೋನು ವಾಪಸ್ ಅದೇ ತುಕಡಿಗೆ ಬಂದಿದ್ದನ್ನ ನಾನು ನೋಡಿಲ್ಲ. ನೀವು ನೋಡಿದೀರಾ?”

ಮೇಡಂ ನೋಡಿರಲಿಲ್ಲ. ಹಾಗೆಂದೇ ಹೇಳಿದರು. ಅವನು ಸೆಲ್ಯೂಟ್ ಹೊಡೆದು ಹೋದ. ಅದಕ್ಕಿಂತ ಬೈದು ಹೋಗಿದ್ದರೆ ಹಗುರವಾಗುತ್ತಿತ್ತು.

ತುಕಡಿ ಹೊರಟ ದಿನ ಲಾರಿಗಳು ಶೆಡ್ಡಿನಿಂದ ಒಂದೊಂದಾಗಿ ಈಚೆ ಬಂದವು. ರೇಡಿಯೋಗೆ ಶಿಬಿರದ ಉಗ್ರಾಣದಲ್ಲಿ ಕಂಬಳಿ ಮಡಿಸುವ ಕೆಲಸ ಕೊಟ್ಟಿದ್ದರು. ಸ್ಕ್ರೂ ಸಡಿಲ ಅನ್ನಿಸಿಕೊಂಡವರಿಗೆ ಕೊಡುವ ಕೆಲಸ ಅದೆಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೂ ಅವನು ಬಂದು ಲಾರಿಗಳ ಬಳಿ ನಿಂತ. ಅವನ ಜಾಗಕ್ಕೆ ಬಂದ ಹೊಸ ಆಪರೇಟರ್‌ಗೆ ಸೆಟ್ಟಿನ ಪಟ್ಟಿ ಎಲ್ಲಿ ಸಡಿಲ, ಯಾವ ಗುಂಡಿ ಒದ್ದೆಯಾದರೆ ಅಂಟುತ್ತದೆ ಎಂದು ತೋರಿಸಿದ. ಯಾರೋ ಹಿಂದಿನಿಂದ “ರೇಡಿಯೋ, ನಮಗೂ ಹಲ್ಲು ಕೀಳಿಸೋ ದಾರಿ ಹೇಳಿಕೊಟ್ಟು ಹೋಗೋ” ಎಂದು ಕೂಗಿದ. ಕೆಲವರು ನಕ್ಕರು. ಸಾರ್ಜೆಂಟ್ ಕೂಗಿದವನ ತಲೆಗೆ ಮೊಟಕಿದ. ರೇಡಿಯೋ ತಾನೂ ನಕ್ಕ. ಲಾರಿಗಳು ಗೇಟು ದಾಟುವವರೆಗೂ ಆ ನಗು ಅವನ ಮುಖದಿಂದ ಹೋಗಲಿಲ್ಲ. ತೆಗೆಯುವುದು ಮರೆತುಹೋದ ಹಾಗಿತ್ತು. ಇದನ್ನೆಲ್ಲ ಮೇಡಂ ಆಸ್ಪತ್ರೆಯ ಮೆಟ್ಟಿಲ ಮೇಲಿಂದ ನೋಡಿದರು. ಅವನು ಅವರ ಕಡೆ ಒಮ್ಮೆಯೂ ತಿರುಗಲಿಲ್ಲ.

ತಮ್ಮನನ್ನು ಕರೆದೊಯ್ಯಲು ಅಕ್ಕ ಬಂದದ್ದು ಅದಾದ ಮೇಲೆ. ಹಲ್ಲಿಗೆ ರಜೆ ಎಂದಷ್ಟೇ ಅವನು ಅವಳಿಗೆ ತಿಳಿಸಿದ್ದ. ಬಟ್ಟೆ ಹೊಲಿಯುವ ಕೆಲಸದವಳು. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು. ಬಸ್ಸಿನಲ್ಲಿ ಕೂತು ಬಂದ ಸುಸ್ತಿನಲ್ಲೂ ಮಾತು ಚುರುಕಾಗಿತ್ತು.

“ಹಲ್ಲಿಗೆ ತಿಂಗಳುಗಟ್ಟಲೆ ರಜೆನಾ ಮೇಡಂ? ಹಾಗಾದ್ರೆ ನನ್ನನ್ನೂ ಸೇರಿಸ್ಕೊಳ್ಳಿ ಸೈನ್ಯಕ್ಕೆ. ನನಗೆ ನಾಲ್ಕು ಹುಳುಕಿದಾವೆ.” ಆಮೇಲೆ ತಮ್ಮನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. “ಏನೋ ಇದು, ಹೀಗೆ ಸೊರಗಿದೀಯ. ಊಟ ಹಾಕಲ್ವಾ ಇಲ್ಲಿ?”

“ಹಾಕ್ತಾರೆ ಅಕ್ಕ.”

“ಮತ್ತೆ ಎಲ್ಲಿಗೆ ಹೋಗುತ್ತೆ ಅದು?”

ಅವನು ಮೇಡಂ ಕಡೆ ನೋಡಿದ. ಹಿಂದಿನ ದಿನ ಅವನು, ‘ನೀವೇ ಹೇಳಿಬಿಡಿ ಮೇಡಂ, ಡಾಕ್ಟ್ರ ಬಾಯಲ್ಲಿ ಬಂದ್ರೆ ಅವಳು ತಡ್ಕೋತಾಳೆ’ ಎಂದಿದ್ದ. ಮೇಡಂ ಆಗಲ್ಲ ಎಂದಿದ್ದರು. ಅದು ನನ್ನ ಮಾತಲ್ಲ, ನಿಮ್ಮದು. ನೀವು ಹೇಳ್ತೀರಾದ್ರೆ ಜೊತೆಗೆ ಕೂತಿರ್ತೀನಿ, ಹೇಳದಿದ್ರೂ ಕೂತಿರ್ತೀನಿ ಎಂದಿದ್ದರು. ಈಗ ಮೂರನೆಯ ಕುರ್ಚಿ ತರಿಸಿ ಹಾಕಿಸಿ, ಬಾಗಿಲು ಮುಚ್ಚಿ, ಕೂತರು.

ಅವನು ತೊದಲಲಿಲ್ಲ. ವೈರ್‌ಲೆಸ್ಸಿನಲ್ಲಿ ಸಂದೇಶ ಕೊಡುವವನ ಹಾಗೆ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಹೇಳಿದ. ನಾನು ಕೆಳಗಿನ ಶಿಬಿರದಲ್ಲಿರಲಿಲ್ಲ. ಸೆಟ್ಟಿನ ಮುಂದೆ ನಾನೇ ಇದ್ದೆ. ಭಾವ ಹಿಂದಕ್ಕೆ ಬರಲಾ ಅಂತ ಕೇಳಿದ್ರು. ನಾನು ಕಾಯಿರಿ ಅಂದೆ. ಅವರು ಕಾದರು.

ಅಕ್ಕ ಮಡಿಲಿನಲ್ಲಿದ್ದ ಕೈಗಳನ್ನು ನೋಡುತ್ತಿದ್ದಳು. ಮೇಡಂಗೆ ಸಮಾಧಾನ ಹೇಳಬೇಕೆಂಬ ಆಸೆ ಗಂಟಲವರೆಗೆ ಬಂತು: ಅದು ನಿಯಮ ಕಣಮ್ಮಾ, ಅವನ ತಪ್ಪಲ್ಲ, ವಿಚಾರಣೆಯಲ್ಲೂ ಹಾಗೇ ಹೇಳಿದಾರೆ. ನುಂಗಿಕೊಂಡರು.

“ಆವತ್ತು ಯಾಕೆ ಹೇಳಲಿಲ್ಲ?” ಎಂದಳು ಅಕ್ಕ.

“ನೀನು ಅಳ್ತಿದ್ದೆ.”

“ಈಗ ನನ್ನ ಅಳು ಮುಗಿದಿದೆ ಅಂತ ಹೇಳ್ತಿದೀಯಾ?”

ಅವನು ತಲೆ ತಗ್ಗಿಸಿದ.

“ಕಾಯಿರಿ ಅಂದೆಯಲ್ಲ. ಅದಕ್ಕೆ ಅವರೇನಂದ್ರು?”

“ಸರಿ ಅಂದ್ರು.”

“ಅಷ್ಟೇನಾ?”

“ಆಮೇಲೆ ನಿಯಮ ಮುರಿದು ಇನ್ನೊಂದು ಮಾತಂದ್ರು. ವಿಚಾರಣೇಲಿ ನಾನು ಅದನ್ನ ಹೇಳಲಿಲ್ಲ.” ಅವನ ದನಿ ಮೊದಲ ಬಾರಿಗೆ ಒಡೆಯಿತು. “‘ಬೇಗ ಕೇಳಿ ಬಾರೋ ಬಾಮೈದ’ ಅಂದ್ರು.”

ಅಕ್ಕನ ತುಟಿ ಸ್ವಲ್ಪ ತೆರೆದುಕೊಂಡಿತು. ಆ ಮಾತನ್ನು ಅವಳು ಮನಸ್ಸಿನಲ್ಲಿ ಗಂಡನ ದನಿಯಲ್ಲಿ ಕೇಳಿಸಿಕೊಳ್ಳುತ್ತಿದ್ದಾಳೆಂದು ಮೇಡಂಗೆ ಅನ್ನಿಸಿತು.

“ನಗ್ತಾ ಅಂದ್ರಾ?” ಎಂದಳು. “ಇಲ್ಲ ಹೆದರ್ಕೊಂಡು ಅಂದ್ರಾ?”

ನಗುತ್ತಾ ಎಂದು ಹೇಳಿಬಿಡು ಎಂದು ಮೇಡಂ ಮನಸ್ಸು ಒಂದು ಗಳಿಗೆ ಬೇಡಿಕೊಂಡಿತು. ತಮ್ಮ ಓದು, ತಮ್ಮ ಕೆಲಸ, ಸತ್ಯದ ಬಗ್ಗೆ ತಾವು ಇದೇ ಕೋಣೆಯಲ್ಲಿ ಎಷ್ಟೋ ಜನರಿಗೆ ಹೇಳಿದ್ದು, ಯಾವುದೂ ಆ ಗಳಿಗೆಯಲ್ಲಿ ನೆನಪಿರಲಿಲ್ಲ.

“ಗೊತ್ತಾಗಲಿಲ್ಲ ಅಕ್ಕ,” ಎಂದ ಅವನು. “ಗರಗರ ಸದ್ದಿತ್ತು. ಎಷ್ಟು ಸಲ ನೆನಪಿಸ್ಕೊಂಡ್ರೂ ಗೊತ್ತಾಗ್ತಿಲ್ಲ.”

ಅಕ್ಕ ಎದ್ದಳು. ಕಿಟಕಿಯ ಬಳಿ ಹೋಗಿ, ಬಣ್ಣ ಬಳಿದ ಗಾಜಿಗೆ ಹಣೆ ತಾಗುವಷ್ಟು ಹತ್ತಿರ ನಿಂತಳು. ಬೆನ್ನು ಮಾತ್ರ ಕಾಣುತ್ತಿತ್ತು. ಮೇಡಂ ಡ್ರಾಯರಿನ ಹಿಡಿಯ ಮೇಲೆ ಕೈ ಇಟ್ಟು, ಎಳೆಯಬೇಕೋ ಬೇಡವೋ ತಿಳಿಯದೆ, ಹಾಗೇ ಬಿಟ್ಟರು.

ತಿರುಗಿದಾಗ ಅಕ್ಕನ ಕಣ್ಣಲ್ಲಿ ನೀರಿರಲಿಲ್ಲ.

“ನೀನು ಹೇಳಿದ್ದು ಒಳ್ಳೇದಾಯ್ತು ಅಂತಲೋ, ತಪ್ಪಿಲ್ಲ ಬಿಡು ಅಂತಲೋ ನನ್ನ ಬಾಯಿಂದ ಈಗ ಬರಲ್ಲ,” ಎಂದಳು. “ಬರುತ್ತೋ ಇಲ್ವೋ ಅದೂ ಗೊತ್ತಿಲ್ಲ. ಬಸ್ಸಿಗೆ ಹೊತ್ತಾಗುತ್ತೆ. ನಡಿ.”

“ನಾನು ಬರಲೇಬೇಕಾ ಅಕ್ಕ?”

“ಇನ್ನೆಲ್ಲಿಗೆ ಹೋಗ್ತೀಯ?”

ಅವನು ಎದ್ದು ಬ್ಯಾಗು ಎತ್ತಿಕೊಂಡ. ಮೇಡಂ ಏನೋ ಹೇಳಲು ಬಾಯಿ ತೆರೆದು, ದೊಡ್ಡಾಸ್ಪತ್ರೆಗೆ ಯಾವಾಗ ಬರಬೇಕು, ಮಾತ್ರೆ ಹೇಗೆ ತೆಗೆದುಕೊಳ್ಳಬೇಕು, ಅವನನ್ನು ಒಬ್ಬನೇ ಬಿಡಬಾರದು ಎಂಬಷ್ಟನ್ನೇ ಹೇಳಿದರು. ಅಕ್ಕ ಮಾತ್ರೆಯ ಪೊಟ್ಟಣ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. “ಬಿಡಲ್ಲ,” ಎಂದಳು. ಅದು ಮಾತು ಕೊಟ್ಟಂತಿತ್ತೋ ಶಿಕ್ಷೆ ಕೊಟ್ಟಂತಿತ್ತೋ ಹೇಳಲಾಗದ ದನಿ.

ಬಾಗಿಲಲ್ಲಿ ರೇಡಿಯೋ ಒಂದು ಗಳಿಗೆ ನಿಂತ. “ನೀವು ಮೇಲಕ್ಕೆ ಕಳಿಸಿದ್ದಿದ್ರೆ ಇದು ಆಗ್ತಿರಲಿಲ್ಲ ಮೇಡಂ,” ಎಂದ. ಕೋಪವಿರಲಿಲ್ಲ. ಇದ್ದದ್ದನ್ನು ಹೇಳಿದ, ಅಷ್ಟೆ.

“ಹೌದು,” ಎಂದರು ಮೇಡಂ.

ಮೇಡಂ ಮೆಟ್ಟಿಲವರೆಗೆ ಹೋದರು. ಅಕ್ಕ ಮುಂದೆ, ತಮ್ಮ ಹಿಂದೆ, ಗೇಟಿನ ಕಡೆ ನಡೆಯುತ್ತಿದ್ದರು. ಅಕ್ಕ ನಿಧಾನ ಮಾಡಲಿಲ್ಲ, ಅವನು ಬಿರುಸು ಮಾಡಲಿಲ್ಲ. ನಡುವಿನ ಜಾಗ ಹಾಗೇ ಉಳಿಯಿತು. ಕಾವಲುಗಾರ ಚೀಟಿ ನೋಡಿ ಬಿಟ್ಟ. ರಸ್ತೆಯಾಚೆ ಬಸ್ಸು ನಿಲ್ಲುವಲ್ಲಿ ನೆರಳಿರಲಿಲ್ಲ. ಅಕ್ಕ ಅವನ ಕೈಯಿಂದ ಬ್ಯಾಗು ತೆಗೆದುಕೊಂಡು ಇಬ್ಬರ ನಡುವೆ ನೆಲಕ್ಕಿಟ್ಟಳು. ಆಮೇಲೆ ಇಬ್ಬರೂ ಬಸ್ಸು ಬರುವ ದಿಕ್ಕಿಗೆ ಮುಖ ಮಾಡಿ ನಿಂತರು.

ಒಳಗೆ ಕಾಂಪೌಂಡರ್ ಮುಂದಿನವನ ಹೆಸರು ಕೂಗುತ್ತಿದ್ದ. ಬಸ್ಸು ಬಂದಾಗ ಅವರಿಬ್ಬರೂ ಒಂದೇ ಸೀಟಿನಲ್ಲಿ ಕೂರುತ್ತಾರೋ ಇಲ್ಲವೋ ನೋಡಬೇಕೆಂದು ಮೇಡಂಗೆ ಬಹಳ ಅನ್ನಿಸಿತು. ಬಸ್ಸು ತಡವಾಯಿತು. ಮೇಡಂ ಒಳಗೆ ಹೋಗಬೇಕಾಯಿತು.